ಪುಟ ತಿರುಗಿಸುವ ಪುಟ್ಟ ಕೈ

(ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗಲೇ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದರು. "ಮೇಡಂ, ಭಾಷಣ ಆಮೇಲೆ. ಮೊದಲು ಒಂದು ಹೇಳಿಬಿಡಿ. ಮಗುವಿಗೆ ಟ್ಯಾಬ್ ಕೊಡ್ಬೇಕಾ, ಬೇಡ್ವಾ?" ಅಂದರು. ಸೊಂಟದ ಮೇಲೆ ಒಂದೂವರೆ ವರ್ಷದ ಮಗು. ನಿದ್ದೆ ಕಾಣದ ಕಣ್ಣು. ಅಂಥವರನ್ನು ಕೊನೆಯವರೆಗೆ ಕಾಯಿಸೋದು ಸರಿಯಲ್ಲ. ಹಾಗಾಗಿ ಉತ್ತರವನ್ನು ಮೊದಲೇ ಹೇಳುತ್ತೇನೆ.

ಎರಡು ವರ್ಷ ತುಂಬುವವರೆಗೆ ಬೇಡ. ಎರಡರಿಂದ ಐದರವರೆಗೆ ಸ್ವಲ್ಪ ಹೊತ್ತು ಕೊಡಬಹುದು, ಆದರೆ ನೀವೂ ಪಕ್ಕದಲ್ಲಿ ಕೂರಬೇಕು. ಪುಸ್ತಕಕ್ಕೆ ಇಂಥ ಯಾವ ಕಟ್ಟೂ ಇಲ್ಲ. ಮಗುವಿಗೆ ಕುತ್ತಿಗೆ ನಿಲ್ಲುವ ಮೊದಲೇ ಶುರು ಮಾಡಬಹುದು.

ಇದು ಬರೀ ನನ್ನ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಸಲಹೆ ಹೊರಡಿಸಿತು. ಎರಡು ವರ್ಷ ತುಂಬದ ಮಗುವಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ಅದರಲ್ಲಿದೆ. ಮಗು ಸುಮ್ನೆ ಕೂತಿರುವ ಹೊತ್ತಿನಲ್ಲಿ ದೊಡ್ಡವರು ಜೊತೆಗಿದ್ದು ಕಥೆ ಹೇಳಿ, ಓದಿ ಹೇಳಿ ಅಂತಲೂ ಇದೆ. ಗಂಟೆಯ ಲೆಕ್ಕವನ್ನು ಎಲ್ಲರೂ ನೆನಪಿಟ್ಟುಕೊಂಡರು. ಈ ಎರಡನೆಯ ಮಾತನ್ನು ಯಾಕೋ ಮರೆತುಬಿಟ್ಟರು. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಇವತ್ತು ಹೆಚ್ಚಾಗಿ ಅದರ ಬಗ್ಗೆಯೇ ಮಾತಾಡುತ್ತೇನೆ.

ನಾನು ಡಾಕ್ಟರ್ ಅಲ್ಲ. ಮೂರು ನಾಲ್ಕು ವರ್ಷದ ಮಕ್ಕಳಿಗೆ ಕಥೆ ಓದಿ ಹೇಳೋದು ನನ್ನ ಕೆಲಸ, 20 ವರ್ಷದಿಂದ. ಆ ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇನೆ. ಅದು ನಿಜವೋ, ಅಥವಾ ನನಗೆ ಪುಸ್ತಕದ ಮೇಲಿರುವ ಪ್ರೀತಿಯಿಂದ ಹಾಗೆ ಕಾಣುತ್ತದೋ ಅಂತ ನೋಡೋಕೆ ಸಂಶೋಧನೆಗಳನ್ನೂ ಓದಿದ್ದೇನೆ. ಕೆಲವು ಕಡೆ ನನ್ನ ನಂಬಿಕೆ ತಪ್ಪಾಗಿತ್ತು. ಅದನ್ನೂ ಹೇಳುತ್ತೇನೆ.

ಒಂದು ಚಿತ್ರದ ಪುಸ್ತಕ ತೆಗೆದುಕೊಳ್ಳಿ. ಪುಟದಲ್ಲಿ ಮಳೆ. ಒಂದು ಬೆಕ್ಕು ಕಿಟಕಿ ಮೇಲೆ ಕೂತಿದೆ. ಕೆಳಗೆ ಒಂದೇ ಸಾಲು: "ಬೆಕ್ಕು ಕಾಯುತ್ತಿತ್ತು." ನೀವು ಸಾಲು ಓದುತ್ತೀರಿ. ಮಗು ಪುಟ ತಿರುಗಿಸೋಕೆ ಬಿಡುವುದಿಲ್ಲ. "ಯಾರಿಗೆ ಕಾಯ್ತಿದೆ?" ಅನ್ನುತ್ತದೆ. ನಿಮಗೂ ಗೊತ್ತಿಲ್ಲ. "ಯಾರಿಗಿರಬಹುದು?" ಅಂತ ನೀವೇ ತಿರುಗಿ ಕೇಳುತ್ತೀರಿ. "ಅದರ ಅಮ್ಮಂಗೆ" ಅನ್ನುತ್ತದೆ. ಆಮೇಲೆ "ಅಮ್ಮ ಆಫೀಸಿಗೆ ಹೋಗಿದೆ" ಅನ್ನುತ್ತದೆ. ನೋಡಿ, ಪುಸ್ತಕದಲ್ಲಿ ಇದ್ದದ್ದು ಎರಡೇ ಪದ. ಆದರೆ ಮಗು ತನ್ನ ಮನಸ್ಸಿನಲ್ಲಿದ್ದ ದೊಡ್ಡ ವಿಷಯವನ್ನು ಹೊರಗೆ ಹಾಕಿತು.

ಇದು ಹೇಗೆ ಆಯಿತು? ಪುಸ್ತಕ ಸುಮ್ಮನಿತ್ತು. ಅಷ್ಟೇ. ಬೆಕ್ಕು ಮಿಯಾಂವ್ ಅನ್ನಲಿಲ್ಲ, ಮಳೆ ಸದ್ದು ಮಾಡಲಿಲ್ಲ, ಮುಂದಿನ ಪುಟ ತಾನಾಗಿ ಬರಲಿಲ್ಲ. ಪುಸ್ತಕ ಬಿಟ್ಟ ಜಾಗವನ್ನು ನೀವಿಬ್ಬರೂ ಸೇರಿ ತುಂಬಿದಿರಿ. ಟ್ಯಾಬಿನಲ್ಲಿ ಇದೇ ಕಥೆ ಇದ್ದರೆ, ಸಾಮಾನ್ಯವಾಗಿ ಆ ಜಾಗವನ್ನು ಅದೇ ತುಂಬಿಬಿಡುತ್ತದೆ.

2019ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಇದನ್ನೇ ಹತ್ತಿರದಿಂದ ನೋಡಿದರು. 37 ಜೋಡಿ, ಪ್ರತಿ ಜೋಡಿಯಲ್ಲೂ ಅಪ್ಪ ಅಥವಾ ಅಮ್ಮ ಮತ್ತು ಎರಡು ವರ್ಷದ ಆಸುಪಾಸಿನ ಒಂದು ಮಗು. ಒಂದು ಸಲ ಕಾಗದದ ಪುಸ್ತಕ, ಒಂದು ಸಲ ಟ್ಯಾಬಿನಲ್ಲಿ ಸಾದಾ ಪುಸ್ತಕ, ಇನ್ನೊಂದು ಸಲ ಸದ್ದು ಮತ್ತು ಕುಣಿತ ಇರುವ ಟ್ಯಾಬಿನ ಪುಸ್ತಕ. ಕಾಗದದ ಪುಸ್ತಕ ಇದ್ದಾಗ ದೊಡ್ಡವರೂ ಮಕ್ಕಳೂ ಜಾಸ್ತಿ ಮಾತಾಡಿದರು. ಪುಸ್ತಕವನ್ನು ಇಬ್ಬರೂ ಸೇರಿ ಹಿಡಿದರು, ಸೇರಿ ಪುಟ ತಿರುಗಿಸಿದರು. ಟ್ಯಾಬ್ ಬಂದಾಗ ಅದೆಲ್ಲ ಕಡಿಮೆಯಾಯಿತು. ಮಾತಿನ ಬಗೆಯೂ ಬೇರೆಯಾಗುತ್ತದೆ. "ಅದನ್ನು ಒತ್ತಬೇಡ", "ಕೈ ತೆಗಿ", "ನಿಲ್ಲು, ಓದಿ ಮುಗಿಯಲಿ" ಇಂಥ ಮಾತು ಹೆಚ್ಚುತ್ತದೆ. ಮನೆಯಲ್ಲಿ ಟ್ಯಾಬ್ ಇರುವವರು ಈಗ ತಲೆ ಆಡಿಸುತ್ತಿದ್ದೀರಿ, ಕಾಣುತ್ತಿದೆ.

ಈಗ ತೀರಾ ಎಳೆಯ ಕೂಸುಗಳ ವಿಷಯ. ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ಪ್ರಯೋಗ ಇದು. ಪೆಟ್ರೀಷಿಯಾ ಕೂಲ್ ಅಂತ ಒಬ್ಬ ವಿಜ್ಞಾನಿ. ಅಮೆರಿಕದ ಸಿಯಾಟಲ್‌ನವರು. 2003ರಲ್ಲಿ ಅವರ ತಂಡ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಮನೆಯಲ್ಲಿ ಬರೀ ಇಂಗ್ಲಿಷ್ ಕೇಳಿ ಬೆಳೆದ ಕೂಸುಗಳು. ಕೆಲವರ ಜೊತೆ ಮ್ಯಾಂಡರಿನ್ ಮಾತಾಡುವವರು ನೆಲದ ಮೇಲೆ ಕೂತು ಪುಸ್ತಕ ತೋರಿಸಿದರು, ಆಟವಾಡಿದರು. ಒಟ್ಟು 12 ಸಲ. ಇನ್ನು ಕೆಲವರಿಗೆ ಅದೇ ಜನ, ಅದೇ ಮಾತು, ಅಷ್ಟೇ ಹೊತ್ತು, ಆದರೆ ವಿಡಿಯೊದಲ್ಲಿ. ಕೊನೆಗೆ ಪರೀಕ್ಷೆ ಮಾಡಿದರು. ಎದುರಿಗೆ ಮನುಷ್ಯರಿದ್ದ ಮಕ್ಕಳು ಮ್ಯಾಂಡರಿನ್‌ನ ಸೂಕ್ಷ್ಮ ದನಿಗಳನ್ನು ಚೆನ್ನಾಗಿ ಗುರುತಿಸಿದರು. ವಿಡಿಯೊ ನೋಡಿದವರು? ಆ ಭಾಷೆಯನ್ನು ಕೇಳಿಯೇ ಇಲ್ಲದ ಮಕ್ಕಳ ಮಟ್ಟದಲ್ಲೇ ಉಳಿದರು. ಕಣ್ಣು ಪರದೆಯ ಮೇಲಿತ್ತು. ಒಳಗೆ ಏನೂ ಇಳಿಯಲಿಲ್ಲ.

ಹಿಂದೆ ಒಂದು ಕಾಲದಲ್ಲಿ ಕೂಸುಗಳ ಬುದ್ಧಿ ಬೆಳೆಸುತ್ತೇವೆ ಅಂತ ಡಿವಿಡಿಗಳನ್ನು ಮಾರುತ್ತಿದ್ದರು, ನೆನಪಿದೆಯಾ? ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಚ್ ಅವರ ತಂಡ 2010ರಲ್ಲಿ ಅದನ್ನೂ ಪರೀಕ್ಷೆಗೆ ಹಚ್ಚಿತು. 12ರಿಂದ 18 ತಿಂಗಳ ಮಕ್ಕಳು ಒಂದು ತಿಂಗಳು ಡಿವಿಡಿ ನೋಡಿದರು. ನೋಡದ ಮಕ್ಕಳಿಗಿಂತ ಒಂದು ಪದವೂ ಹೆಚ್ಚು ಕಲಿತಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ಕಲಿತವರು ಯಾರು ಗೊತ್ತಾ? ಯಾವ ಡಿವಿಡಿಯೂ ಇಲ್ಲದೆ, ಅಪ್ಪ ಅಮ್ಮ ದಿನದ ಕೆಲಸದ ನಡುವೆ ಆ ಪದಗಳನ್ನು ಹೇಳಿಕೊಟ್ಟ ಮಕ್ಕಳು. ಇನ್ನೊಂದು ಮಾತು ನನಗೆ ಬಹಳ ಬೇಸರ ತಂದಿತು. ಡಿವಿಡಿಯನ್ನು ಇಷ್ಟಪಟ್ಟ ಅಪ್ಪ ಅಮ್ಮಂದಿರಿಗೆ ತಮ್ಮ ಮಗು ತುಂಬಾ ಕಲಿತಿದೆ ಅಂತಲೇ ಅನ್ನಿಸಿತ್ತು. ನಾವು ಮೋಸ ಹೋಗೋದು ಹೀಗೆ. ಮಗು ಅಲುಗಾಡದೆ ನೋಡುತ್ತಿದ್ದರೆ ಕಲಿಯುತ್ತಿದೆ ಅಂದುಕೊಳ್ಳುತ್ತೇವೆ.

ಹಾಗಾದರೆ ತಪ್ಪು ಪರದೆಯದ್ದಾ? ಅಲ್ಲ. ಇಲ್ಲಿ ನನ್ನ ಹಳೆಯ ನಂಬಿಕೆ ಮುರಿಯಿತು. ಎಲ್ಲ ಸ್ಕ್ರೀನ್ ಒಂದೇ ಅಂತ ನಾನು ವಾದ ಮಾಡುತ್ತಿದ್ದೆ. 2014ರಲ್ಲಿ ಬಂದ ಒಂದು ಅಧ್ಯಯನ ಬೇರೆಯೇ ಹೇಳಿತು. ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದಗಳನ್ನು ಮೂರು ರೀತಿ ಕಲಿಸಿದರು. ಎದುರಿಗೆ ಕೂತು, ವಿಡಿಯೊ ಕಾಲ್‌ನಲ್ಲಿ, ಮತ್ತು ಮೊದಲೇ ಚಿತ್ರೀಕರಿಸಿದ ವಿಡಿಯೊದಲ್ಲಿ. ಎದುರಿಗೆ ಕಲಿತಷ್ಟೇ ಚೆನ್ನಾಗಿ ವಿಡಿಯೊ ಕಾಲ್‌ನಲ್ಲೂ ಕಲಿತರು. ಚಿತ್ರೀಕರಿಸಿದ ವಿಡಿಯೊದಿಂದ ಮಾತ್ರ ಕಲಿಯಲಿಲ್ಲ. ಯಾಕೆ ಅಂದರೆ ವಿಡಿಯೊ ಕಾಲ್‌ನಲ್ಲಿ ಆ ಕಡೆ ಇರುವವರು ಮಗು ನಕ್ಕಾಗ ನಗುತ್ತಾರೆ, ಮಗು ಏನೋ ಅಂದರೆ ಅದಕ್ಕೆ ಉತ್ತರ ಕೊಡುತ್ತಾರೆ. ಮಗುವಿಗೆ ಬೇಕಾದದ್ದು ಆ ಮರುಮಾತು. ಹಾಗಾಗಿ ದೂರದ ಊರಲ್ಲಿರುವ ಅಜ್ಜಿ ಫೋನಿನಲ್ಲಿ ಕಾಣಿಸಿಕೊಂಡು ಮಾತಾಡಿಸಿದರೆ ದಯವಿಟ್ಟು ಅದನ್ನು ಸ್ಕ್ರೀನ್ ಲೆಕ್ಕಕ್ಕೆ ಹಿಡಿಯಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಡ 2016ರ ಸಲಹೆಯಲ್ಲಿ ಒಂದೂವರೆ ವರ್ಷದೊಳಗಿನ ಕೂಸುಗಳಿಗೆ ವಿಡಿಯೊ ಕಾಲ್ ಒಂದನ್ನು ಮಾತ್ರ ಬಿಟ್ಟುಕೊಟ್ಟಿದೆ.

ಪುಸ್ತಕಕ್ಕೆ ಇನ್ನೊಂದು ಗುಣ ಇದೆ, ಅದು ಪದಗಳದ್ದು. ನಾವು ಮಕ್ಕಳ ಜೊತೆ ದಿನವಿಡೀ ಮಾತಾಡುತ್ತೇವೆ ನಿಜ. ಏನಂತ? "ಬಾ, ಊಟ ಮಾಡು, ಚಪ್ಪಲಿ ಹಾಕ್ಕೋ, ಬೀಳ್ತೀಯ, ಮಲಗು." ಅವೇ ಪದ, ಮತ್ತೆ ಮತ್ತೆ. ಗುಹೆ, ಗರಿ, ಅಲೆ, ಹೊಂಚು, ಪಿಸುಮಾತು, ಇವು ನಮ್ಮ ದಿನದ ಮಾತಿನಲ್ಲಿ ಎಲ್ಲಿ ಬರುತ್ತವೆ? 2015ರಲ್ಲಿ ಅಮೆರಿಕದ ಸಂಶೋಧಕರು 100 ಚಿತ್ರಪುಸ್ತಕಗಳ ಇಂಗ್ಲಿಷನ್ನು ದೊಡ್ಡವರು ಮಕ್ಕಳ ಜೊತೆ ಆಡುವ ಮಾತಿನ ಜೊತೆ ಹೋಲಿಸಿ ನೋಡಿದರು. ಅಷ್ಟೇ ಉದ್ದದ ಮಾತಿಗೆ ಹೋಲಿಸಿದರೆ ಪುಸ್ತಕದಲ್ಲಿ ಸುಮಾರು 1.7 ಪಟ್ಟು ಹೆಚ್ಚು ಬೇರೆ ಬೇರೆ ಪದಗಳಿದ್ದವು. ಅಂದರೆ ಪುಸ್ತಕ ಓದಿ ಹೇಳುವಾಗ ನೀವು ಬೇರೆ ಯಾವಾಗಲೂ ಆಡದ ಮಾತನ್ನು ಮಗು ನಿಮ್ಮ ಬಾಯಿಂದಲೇ ಕೇಳುತ್ತದೆ.

ಅದೇ ಪುಸ್ತಕ, ಅದೇ ಪುಸ್ತಕ ಅಂತ ಮಗು ಪೀಡಿಸುತ್ತದೆ ಅಂತ ದೂರುತ್ತೀರಿ. ಬೇಸರ ಬರುತ್ತದೆ, ಒಪ್ಪುತ್ತೇನೆ. ಒಂದು ಪುಸ್ತಕವನ್ನು ನಾನು ಎಷ್ಟು ಸಲ ಓದಿದ್ದೇನೆ ಅಂದರೆ ಬೆನ್ನಿನ ದಾರ ಕಿತ್ತುಬಂದಿದೆ. ಆದರೂ ಓದಿ. 2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಮಕ್ಕಳಿಗೆ ಕಥೆಗಳ ಮೂಲಕ ಹೊಸ ಪದ ಕಲಿಸಿ ನೋಡಿದರು. ಕೆಲವರಿಗೆ ಬೇರೆ ಬೇರೆ ಕಥೆ, ಕೆಲವರಿಗೆ ಅದೇ ಕಥೆ ಮತ್ತೆ ಮತ್ತೆ. ಹೊಸ ಪದಗಳು ಎರಡೂ ಕಡೆ ಅಷ್ಟೇ ಸಲ ಬಂದಿದ್ದವು. ಒಂದೇ ಕಥೆ ಮತ್ತೆ ಮತ್ತೆ ಕೇಳಿದವರು ಹೆಚ್ಚು ಪದ ಉಳಿಸಿಕೊಂಡರು. ಮೊದಲ ಸಲ ಮಗು ಕಥೆ ಏನಾಯಿತು ಅಂತ ನೋಡುತ್ತದೆ. ಅದು ಗೊತ್ತಾದ ಮೇಲೆ ಪದಗಳ ಕಡೆ ಕಿವಿ ಹೋಗುತ್ತದೆ. "ಇನ್ನೊಂದ್ಸಲ" ಅನ್ನುವ ಮಗುವಿಗೆ ತನಗೇನು ಬೇಕು ಅನ್ನೋದು ನಮಗಿಂತ ಚೆನ್ನಾಗಿ ಗೊತ್ತಿದೆ.

ಈಗ ಟ್ಯಾಬಿನ ಪರವಾಗಿ ಮಾತಾಡಬೇಕು. ನ್ಯಾಯವಾಗಿ ನೋಡಿದರೆ ಅದಕ್ಕೂ ಜಾಗ ಇದೆ.

2021ರಲ್ಲಿ ನಾರ್ವೆಯ ಸಂಶೋಧಕರು ಒಂದರಿಂದ ಎಂಟು ವರ್ಷದ ಮಕ್ಕಳ ಮೇಲೆ ನಡೆದ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 1,812 ಮಕ್ಕಳು. ಅದೇ ಪುಸ್ತಕ ಕಾಗದದಲ್ಲೂ ಪರದೆಯಲ್ಲೂ ಇದ್ದರೆ, ಕಾಗದದಲ್ಲಿ ಓದಿದಾಗ ಕಥೆ ಹೆಚ್ಚು ಅರ್ಥವಾಯಿತು. ಆದರೆ ಪರದೆಯ ಪುಸ್ತಕವನ್ನು ಕಥೆಗೆ ಸಹಾಯವಾಗುವ ಹಾಗೆ ಮಾಡಿದ್ದರೆ ಅದು ಕಾಗದವನ್ನೂ ಮೀರಿಸಿತು. ಉದಾಹರಣೆಗೆ, ಕಥೆಯಲ್ಲಿ ಏನಾಗುತ್ತಿದೆಯೋ ಅದರ ಕಡೆಗೇ ಮಗುವಿನ ಗಮನ ಸೆಳೆಯುವುದು, ಕಥೆಗೆ ಬೇಕಾದ ಹಿನ್ನೆಲೆ ಹೇಳುವುದು. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲದ ಗುಂಡಿಗಳು, ಮುಟ್ಟಿದರೆ ಕುಣಿಯುವ ಕಪ್ಪೆ, ನಡುವೆ ಒಂದು ಬಲೂನ್ ಆಟ, ಇವು ಕಥೆಯನ್ನೇ ನುಂಗುತ್ತವೆ. ನಿಮ್ಮ ಮನೆಯ ಟ್ಯಾಬಿನಲ್ಲಿ ಯಾವ ಬಗೆಯವು ಇವೆ ಅಂತ ಇವತ್ತು ರಾತ್ರಿ ತೆಗೆದು ನೋಡಿ. ನಾನು ನೋಡಿದ್ದರಲ್ಲಿ ಹೆಚ್ಚಿನವು ಎರಡನೆಯ ಬಗೆಯವು.

ಮಾತು ಬಾರದ ಮಕ್ಕಳು ಇದ್ದಾರೆ. ಚಿತ್ರ ಮುಟ್ಟಿದರೆ ಟ್ಯಾಬ್ ಅವರ ಪರವಾಗಿ "ನೀರು ಬೇಕು" ಅನ್ನುತ್ತದೆ, "ನನಗೆ ಬೇಜಾರು" ಅನ್ನುತ್ತದೆ. ಕಣ್ಣು ಮಂಜಾದ ಮಗು ಅಕ್ಷರವನ್ನು ದೊಡ್ಡದು ಮಾಡಿ ನೋಡುತ್ತದೆ. ಅಂಥ ಮಗುವಿನ ಕೈಯಲ್ಲಿರುವುದು ಮಾತು ಮತ್ತು ಕಣ್ಣು. ಅವರ ಮನೆಯವರಿಗೆ ಗಂಟೆಯ ಲೆಕ್ಕ ಹೇಳೋಕೆ ಹೋಗಬೇಡಿ. ಸುಮ್ನೆ ನೋಯಿಸಿದ ಹಾಗಾಗುತ್ತದೆ.

ಇನ್ನೊಂದು ಸಂಗತಿ. ಟ್ಯಾಬ್ ಅನ್ನುವ ಕಲ್ಪನೆ ಹುಟ್ಟಿದ್ದೇ ಮಕ್ಕಳಿಗಾಗಿ. ಐಪ್ಯಾಡ್ ಅಂಗಡಿಗೆ ಬಂದದ್ದು 2010ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1972ರಲ್ಲಿ, ಅಲನ್ ಕೇ ಎಂಬ ವಿಜ್ಞಾನಿ ಪುಸ್ತಕದಷ್ಟೇ ದೊಡ್ಡ, ಕೈಯಲ್ಲಿ ಹಿಡಿಯುವ ಕಂಪ್ಯೂಟರಿನ ಬಗ್ಗೆ ಬರೆದರು. ಡೈನಾಬುಕ್ ಅಂತ ಅದಕ್ಕೆ ಹೆಸರು. ಅವರ ಬರಹದಲ್ಲಿ ಮಕ್ಕಳು ಅದನ್ನು ಹಿಡಿದು ತಾವೇ ಏನಾದರೂ ಮಾಡುತ್ತಾರೆ. ಆಟವನ್ನು ತಾವೇ ಬದಲಾಯಿಸುತ್ತಾರೆ, ಅದರಿಂದ ಹೊಸ ಪ್ರಶ್ನೆ ಹುಟ್ಟುತ್ತದೆ. ಆ ಕನಸು ನನಗೆ ತುಂಬಾ ಇಷ್ಟ. ಹಾಗಾಗಿ ನಾಲ್ಕೈದು ವರ್ಷದ ಮಗುವಿಗೆ ಟ್ಯಾಬ್ ಕೊಡಲೇಬೇಕು ಅಂದರೆ, ಅದರಲ್ಲಿ ಏನಾದರೂ ಮಾಡಲಿ ಅಂತೀನಿ. ಇರುವೆ ಸಾಲಿನ ಫೋಟೊ ತೆಗೆಯಲಿ. ತನ್ನ ದನಿಯಲ್ಲಿ ಕಥೆ ಹೇಳಿ ರೆಕಾರ್ಡ್ ಮಾಡಲಿ. ಆ ಕಥೆಯನ್ನು ರಾತ್ರಿ ಮನೆಯವರೆಲ್ಲ ಕೂತು ಕೇಳಲಿ.

ಅಕ್ಷರ ಕಲಿಸೋಕೆ ಮಾತ್ರ ಟ್ಯಾಬ್ ನೆಚ್ಚಬೇಡಿ. 'ದ' ಮತ್ತು 'ಧ', 'ಪ' ಮತ್ತು 'ಷ', ಇವುಗಳ ವ್ಯತ್ಯಾಸ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸಿತ್ತು. 2012ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದವರು ಇನ್ನೂ ಓದು ಬಾರದ ಐದು ವರ್ಷದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವು ಅಕ್ಷರಗಳನ್ನು ಮಕ್ಕಳು ತಾವೇ ಬರೆದರು, ಕೆಲವನ್ನು ಗೆರೆಯ ಮೇಲೆ ತೀಡಿದರು, ಕೆಲವನ್ನು ಕೀಬೋರ್ಡಿನಲ್ಲಿ ಒತ್ತಿದರು. ಆಮೇಲೆ ಆ ಅಕ್ಷರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ತೆಗೆದರು. ಓದುವಾಗ ಕೆಲಸ ಮಾಡುವ ಭಾಗಗಳು ಚುರುಕಾದದ್ದು ತಾವೇ ಬರೆದ ಅಕ್ಷರ ಕಂಡಾಗ. ಮಗು ಬರೆದ ಅಕ್ಷರ ಸೊಟ್ಟಗಿರುತ್ತದೆ, ಇರಲಿ ಬಿಡಿ. ಅಡಿಯಲ್ಲಿ ಮಣ್ಣಿದ್ದರೆ ಸಾಕು, ಒಂದು ಬೆರಳಿದ್ದರೆ ಸಾಕು.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಮಗು ಹಟ ಮಾಡುತ್ತದೆ, ಅಳುತ್ತದೆ, ನಿಮಗೆ ಕೆಲಸ ಇದೆ. ಕೈಗೆ ಟ್ಯಾಬ್ ಕೊಟ್ಟರೆ ತಕ್ಷಣ ಮೌನ. ಯಾರೂ ಖುಷಿಗೆ ಹೀಗೆ ಮಾಡುವುದಿಲ್ಲ, ಸುಸ್ತಿನಿಂದ ಮಾಡುತ್ತಾರೆ. ಅಪರೂಪಕ್ಕೆ ಹೀಗಾದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅಳು ನಿಲ್ಲಿಸೋಕೆ ಅದೇ ದಾರಿ ಅಂತ ಆದರೆ ತೊಂದರೆ. 2022ರ ಕೊನೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ 422 ಮಕ್ಕಳನ್ನು ಆರು ತಿಂಗಳು ಗಮನಿಸಿದರು. ಸಮಾಧಾನಕ್ಕೆ ಅಂತ ಫೋನು ಟ್ಯಾಬು ಹೆಚ್ಚು ಕೊಟ್ಟ ಮನೆಗಳಲ್ಲಿ ಸಿಟ್ಟು, ಅಳು, ಏರುಪೇರು ಹೆಚ್ಚಾಗಿ ಕಂಡಿತು, ಅದರಲ್ಲೂ ಗಂಡುಮಕ್ಕಳಲ್ಲಿ. ಸಿಟ್ಟು ಬಂದಾಗ ಏನು ಮಾಡಬೇಕು ಅಂತ ಮಗು ಕಲಿಯುವುದು ಸಿಟ್ಟು ಬಂದ ಹೊತ್ತಿನಲ್ಲೇ. ಆ ಹೊತ್ತನ್ನೇ ನಾವು ಕಿತ್ತುಕೊಂಡರೆ ಬೇರೆ ಯಾವಾಗ ಕಲಿಯಬೇಕು ಹೇಳಿ?

ಟ್ಯಾಬ್ ವಾಪಸ್ ತೆಗೆದುಕೊಳ್ಳುವುದು ದೊಡ್ಡ ಯುದ್ಧ, ಅಲ್ವಾ? "ಇನ್ನು ಎರಡೇ ನಿಮಿಷ" ಅಂತ ಮೊದಲೇ ಹೇಳಿದರೆ ಸುಲಭ ಅಂತ ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮನೆಗಳಲ್ಲಿ ಗಮನಿಸಿದಾಗ ಉಲ್ಟಾ ಕಂಡಿತು. ಎರಡು ನಿಮಿಷದ ಎಚ್ಚರಿಕೆ ಕೊಟ್ಟಾಗ ರಂಪ ಹೆಚ್ಚಾಯಿತು. ಕಥೆ ಅಥವಾ ಆಟ ತಾನಾಗಿ ಮುಗಿಯುವ ಜಾಗದಲ್ಲಿ ನಿಲ್ಲಿಸಿದಾಗ, ದಿನಾ ಅದೇ ಹೊತ್ತಿಗೆ ನಿಲ್ಲಿಸುವ ರೂಢಿ ಇದ್ದಾಗ, ಮಕ್ಕಳು ಸುಲಭವಾಗಿ ಬಿಟ್ಟುಕೊಟ್ಟರು. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆ ಆಟೊಪ್ಲೇಯನ್ನು ಆಫ್ ಮಾಡೋದು. ಪುಸ್ತಕಕ್ಕೆ ಕೊನೆಯ ಪುಟ ಇದೆ. ಟ್ಯಾಬಿಗೆ ಕೊನೆಯ ಪುಟವನ್ನು ನಾವೇ ಹಾಕಬೇಕು.

ಕಣ್ಣಿನ ಬಗ್ಗೆ ಒಂದೇ ಮಾತು. ಪುಸ್ತಕವನ್ನೂ ಹತ್ತಿರ ಹಿಡಿದೇ ನೋಡುತ್ತೇವೆ. ಅದರಿಂದ ಕಣ್ಣಿಗೆ ಪೂರ್ತಿ ಬಿಡುವು ಅಂತ ತಿಳಿಯಬೇಡಿ. ಚೀನಾದ ಗುವಾಂಗ್‌ಝೌನಲ್ಲಿ ಆರೇಳು ವರ್ಷದ ಮಕ್ಕಳನ್ನು ಶಾಲೆಯಿಂದ ದಿನಾ 40 ನಿಮಿಷ ಹೆಚ್ಚು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ್ದು ಮಂಜಾಗಿ ಕಾಣುವ ತೊಂದರೆ, ಬಂದವರು 100ಕ್ಕೆ ಸುಮಾರು 30. ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40. ಪುಸ್ತಕವನ್ನೂ ಮುಚ್ಚಿ ಹೊರಗೆ ಕರೆದುಕೊಂಡು ಹೋಗಿ.

ನಮ್ಮ ಕೈಯಲ್ಲಿರುವ ಫೋನಿನ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. 2017ರಲ್ಲಿ ಒಂದು ಪ್ರಯೋಗ ನಡೆಯಿತು. ತಾಯಂದಿರು ಎರಡು ವರ್ಷದ ತಮ್ಮ ಮಕ್ಕಳಿಗೆ ಎರಡು ಹೊಸ ಪದ ಕಲಿಸಿದರು. ಒಂದನ್ನು ಕಲಿಸುವಾಗ ನಡುವೆ ಫೋನ್ ಬಂತು, ಮಾತಾಡಿದರು, ಮತ್ತೆ ಮುಂದುವರಿಸಿದರು. ಇನ್ನೊಂದಕ್ಕೆ ಅಡ್ಡಿ ಬರಲಿಲ್ಲ. ಅಡ್ಡಿ ಇಲ್ಲದ ಪದವನ್ನು ಮಕ್ಕಳು ಕಲಿತರು. ಫೋನ್ ಬಂದ ಪದವನ್ನು ಕಲಿಯಲಿಲ್ಲ. 2024ರಲ್ಲಿ ಆಸ್ಟ್ರೇಲಿಯಾದ 220 ಮನೆಗಳ ಅಧ್ಯಯನ ಬಂತು. ಮಕ್ಕಳ ಸುತ್ತಲಿನ ಮಾತನ್ನೂ ಸ್ಕ್ರೀನಿನ ಸದ್ದನ್ನೂ ಪುಟ್ಟ ಯಂತ್ರವೊಂದು ಅಳೆಯುತ್ತಿತ್ತು. ಮೂರು ವರ್ಷದ ಮಗುವಿಗೆ ಸ್ಕ್ರೀನಿನ ಪ್ರತಿ ಒಂದು ನಿಮಿಷಕ್ಕೆ ದೊಡ್ಡವರಿಂದ ಕೇಳುವ ಪದ ಸರಾಸರಿ 6.6 ಕಡಿಮೆ. ಒಂದು ನಿಮಿಷಕ್ಕೆ ಆರೇಳು ಪದ ಅಂದರೆ ಏನು ಮಹಾ ಅನ್ನಿಸಬಹುದು. ಒಂದು ಗಂಟೆಗೆ ಲೆಕ್ಕ ಹಾಕಿ. ಸುಮಾರು 400 ಪದ. ಅಷ್ಟು ಪದಗಳಲ್ಲಿ ಒಂದು ಇಡೀ ಕಥೆ ಹೇಳಿ ಮುಗಿಸಬಹುದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ನಿಂತರು. ತುಂಬಾ ಹೊತ್ತು ಮಾತು ಹೊರಡಲಿಲ್ಲ. ಆಮೇಲೆ ಕೇಳಿದರು: "ಮೇಡಂ, ನನಗೆ ಓದೋಕೆ ಸರಿಯಾಗಿ ಬರಲ್ಲ. ಟ್ಯಾಬಾದರೆ ಅದೇ ಓದಿ ಹೇಳತ್ತೆ. ಅದಕ್ಕೇ ಕೊಟ್ಟಿದ್ದೀನಿ. ನಾನೇನು ಮಾಡಲಿ?"

ಅವತ್ತು ನಾನು ಕೇಳಿದ ಎಲ್ಲ ಪ್ರಶ್ನೆಗಳಲ್ಲಿ ಇದು ದೊಡ್ಡದು. ಅವರನ್ನು ವೇದಿಕೆಗೆ ಕರೆದು, ನನ್ನ ಚೀಲದಲ್ಲಿದ್ದ ಒಂದು ಪುಸ್ತಕ ಕೊಟ್ಟೆ. ಅಕ್ಷರವೇ ಇಲ್ಲದ, ಬರೀ ಚಿತ್ರದ ಪುಸ್ತಕ. ಅಂಥವು ಬೇಕಾದಷ್ಟು ಸಿಗುತ್ತವೆ. "ಮೊದಲ ಪುಟದಲ್ಲಿ ಏನಿದೆ, ಹೇಳಿ" ಅಂದೆ. "ಒಬ್ಬ ಹುಡುಗ. ಮರ ಹತ್ತಿದ್ದಾನೆ" ಅಂದರು. "ಯಾಕೆ ಹತ್ತಿರಬಹುದು?" ಅಂದೆ. ಸ್ವಲ್ಪ ಯೋಚಿಸಿದರು. ತಾವು ಚಿಕ್ಕವರಿದ್ದಾಗ ಮರ ಹತ್ತಿ ಇಳಿಯೋಕೆ ಬಾರದೆ ಕೂಗಿದ್ದನ್ನು ಹೇಳತೊಡಗಿದರು. ಕೊಂಬೆ ಎಷ್ಟು ಎತ್ತರ ಇತ್ತು, ಅಣ್ಣ ಕೆಳಗೆ ನಿಂತು ಹೇಗೆ ನಕ್ಕ, ಎಲ್ಲ. ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಎರಡು ಮಕ್ಕಳು ಆಟ ಬಿಟ್ಟು ವೇದಿಕೆಯ ಹತ್ತಿರ ಬಂದರು. ಅವುಗಳಲ್ಲಿ ಒಂದು ಅವರ ಮೊಣಕಾಲಿಗೆ ಒರಗಿ ನಿಂತು, ಎರಡನೆಯ ಪುಟವನ್ನು ತಾನೇ ತಿರುಗಿಸಿತು.